ಬೊಂಬೆಗಿಂತ ಮೊದಲು ಕೊರಡು: ಹಾಲೆ ಮರ ಒಣಗಿಸುವವರ ಚರಿತ್ರೆ

ಕಳೆದ ಬೇಸಿಗೆಯಲ್ಲಿ ಹಂಗಳದ ನಮ್ಮ ಗೆಳೆಯರೊಬ್ಬರ ಹೊಲದ ಬೇಲಿ ಸವರುವಾಗ ಹಾಲೆ ಮರದ ತೋಳುದಪ್ಪದ ಕೊಂಬೆಗಳು ಸಿಕ್ಕವು. ಮಕ್ಕಳಿಗೆ ಬುಗುರಿ ಕಡೆಸೋಣ ಎಂದು ಮೊಳದುದ್ದ ತುಂಡು ಮಾಡಿ ಅಂಗಳದ ಬಿಸಿಲಿಗೆ ಹಾಕಿದೆವು. ಕೆಲವೇ ದಿನಕ್ಕೆ ಎರಡೂ ತುದಿ ನಕ್ಷತ್ರದ ಹಾಗೆ ಬಿರುಕು ಬಿಟ್ಟಿತು. ಎಲ್ಲವೂ ಒಲೆಗೆ ಹೋಯಿತು.

ಚನ್ನಪಟ್ಟಣದ ಬೊಂಬೆಯ ಮರ ಇದೇ. ಆ ಬೊಂಬೆಯ ಚರಿತ್ರೆ ಕೇಳಿದರೆ ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಕಥೆ ಹೇಳುತ್ತಾರೆ. ಆಮೇಲೆ ಜಪಾನಿನ ವಿಧಾನ ತಂದ ಬಾವಾಸ್ ಮಿಯಾನ್ ಹೆಸರು ಬರುತ್ತದೆ. ಭೌಗೋಳಿಕ ಗುರುತಿನ ಮಾತೂ ಬರುತ್ತದೆ. ಕೊರಡು ಒಣಗಿಸಿದವರ ಮಾತು ಮಾತ್ರ ಬರುವುದಿಲ್ಲ. ನಮಗೆ ಇದು ಅನ್ಯಾಯ ಅನಿಸುತ್ತದೆ. ಏಕೆಂದರೆ ಹಸಿ ಮರವನ್ನು ಹಾಗೇ ಕಡೆದು ಅರಗಿನ ಬಣ್ಣ ಹಚ್ಚಿದರೆ, ಆಮೇಲೆ ಮರ ಕುಗ್ಗಿ ಉಂಡೆಯಾಗಿದ್ದದ್ದು ಮೊಟ್ಟೆಯಾಗುತ್ತದೆ, ಬಣ್ಣವೂ ಬಿರಿಯುತ್ತದೆ.

ನಾವು ಮಾಡಿದ ತಪ್ಪೇನು? ಮರದೊಳಗಿನ ನೀರು ಪಕ್ಕದಿಂದ ನಿಧಾನವಾಗಿ, ಕತ್ತರಿಸಿದ ತುದಿಯಿಂದ ಬಹಳ ಬೇಗ ಹೋಗುತ್ತದೆ. ತುದಿ ಒಣಗಿ ಕುಗ್ಗುತ್ತದೆ, ನಡುಭಾಗ ಇನ್ನೂ ಹಸಿಯಾಗಿರುತ್ತದೆ. ಈ ಎಳೆದಾಟಕ್ಕೆ ತುದಿ ಸೀಳುತ್ತದೆ. ಇನ್ನೊಂದು ಸಂಗತಿ: ಮರ ತಿರುಳಿನ ಕಡೆಗೆ ಕುಗ್ಗುವುದಕ್ಕಿಂತ ಸುತ್ತಲೂ ಕುಗ್ಗುವುದು ಹೆಚ್ಚುಕಡಿಮೆ ಎರಡರಷ್ಟು. ಅದಕ್ಕೇ ತಿರುಳಿರುವ ಇಡೀ ಕೊರಡು ಬಿರಿಯುವುದು ಜಾಸ್ತಿ. ದಪ್ಪನೆಯದಾದರೆ ತಿರುಳಿನ ಮೇಲೇ ಎರಡು ಹೋಳು ಮಾಡುವುದು ಒಳ್ಳೆಯದು. ಬೇಕಾದ ಅಳತೆಗಿಂತ ಸ್ವಲ್ಪ ಉದ್ದ ಬಿಟ್ಟು ಕತ್ತರಿಸಿ, ಅದೇ ದಿನ ತುದಿಗೆ ಮೇಣವನ್ನೋ ಹಳೆ ಪೇಂಟನ್ನೋ ದಪ್ಪಗೆ ಬಳಿಯಬೇಕು.

ಹಾಲೆಗೆ ಬಿಳುಪೇ ಬೆಲೆ, ದಂತದಂಥ ಬಣ್ಣ. ಸಿಪ್ಪೆ ಬಿಟ್ಟು ರಾಶಿ ಹಾಕಿದರೆ ಒಳಗೆ ಬೂಸಲು ಬಂದು ಕಪ್ಪು ಕಲೆ ಹಿಡಿಯುತ್ತದೆ, ಹುಳವೂ ಸೇರುತ್ತದೆ. ಸಿಪ್ಪೆ ತೆಗೆದು, ನೆಲ ಮುಟ್ಟದ ಹಾಗೆ, ನಡುವೆ ಗಾಳಿಯಾಡುವಂತೆ ನೆರಳಲ್ಲಿ ಜೋಡಿಸಬೇಕು. ಚನ್ನಪಟ್ಟಣದಲ್ಲಿ ಸಣ್ಣ ಕೊರಡು ಎರಡು ಮೂರು ತಿಂಗಳು ಹೀಗೆ ಒಣಗುತ್ತದೆ. ಒಂದು ತುಂಡನ್ನು ವಾರಕ್ಕೊಮ್ಮೆ ತೂಗಿ ನೋಡಿ. ತೂಕ ಇಳಿಯುವುದು ನಿಂತರೆ ಕಡೆಯಬಹುದು.

ಬಿಲ್ಲಿನಿಂದ ತಿರುಗಿಸುತ್ತಿದ್ದ ಕಾಲ ಹೋಗಿ ಕರೆಂಟಿನ ಲೇತ್ ಬಂತು. ಕಡೆಯುವ ಕೆಲಸ ಬೇಗವಾಯಿತು, ಒಣಗುವ ಕೆಲಸ ಆಗಲಿಲ್ಲ.

ಮರ ಎಲ್ಲಿಂದ ಎಂಬುದೂ ಚರಿತ್ರೆಯೇ. ಹಾಲೆ ನಮ್ಮ ಕಡೆಯಂಥ ಒಣ ಕಾಡಿನ ಮರ. ನಮ್ಮ ಪಕ್ಕದ ಕಾಡು ಮಹಾರಾಜರ ಕಾಲದಲ್ಲೇ ವೇಣುಗೋಪಾಲ ವನ್ಯಧಾಮವಾಯಿತು, 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಅಲ್ಲಿ ಕೊಡಲಿ ನಿಂತದ್ದು ಸರಿಯೇ. ಆದರೆ ಹೊಲದ ಬದುವಿನಲ್ಲಿ ಉಳಿದ ಹಾಲೆಯನ್ನು ನಾವು ಸೌದೆ ಎಂದೇ ನೋಡುತ್ತೇವೆ. ಈಗ ಬೊಂಬೆಗೆ ರಬ್ಬರ್ ಮರವನ್ನೂ ಬಳಸುತ್ತಾರೆ. ಹಾಲೆಯ ಬುಡ ಉಳಿಸಿದರೆ ಮತ್ತೆ ಚಿಗುರುತ್ತದೆ, ಬೇರಿನಿಂದಲೂ ಮರಿ ಬರುತ್ತದೆ. (ಮರವನ್ನೇ ಕಡಿಯುವುದಾದರೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.)

ಈ ಸಲ ಸವರಿದ ಕೊಂಬೆಗಳ ತುದಿಗೆ ಮೇಣ ಹಚ್ಚಿ ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದ್ದೇವೆ. ಪ್ರತಿ ತುಂಡಿನ ಮೇಲೂ ಇದ್ದಿಲಿನಲ್ಲಿ ತಾರೀಕು ಬರೆದಿದೆ. ಬುಗುರಿ ಯಾವಾಗ ಎಂದು ಮಕ್ಕಳು ದಿನಾ ಕೇಳುತ್ತಿವೆ.