ಘಟ್ಟ ಹತ್ತುವ ಸ್ಕೂಟರ್

ಮಸಿನಗುಡಿಯಿಂದ ಕಲ್ಹಟ್ಟಿ ಘಟ್ಟದ 36 ಹಿಮ್ಮುರಿ ತಿರುವುಗಳನ್ನು ಹತ್ತಿ, ಸುಮಾರು 2,240 ಮೀಟರ್ ಎತ್ತರದ ಊಟಿ ಸೇರುವಷ್ಟರಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಹೆಚ್ಚುಕಡಿಮೆ ಕಾಲುಭಾಗ ಇಳಿದಿರುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಸ್ಕೂಟರ್‌ಗೆ ಇದರ ಅರಿವಿಲ್ಲ. ಪೆಟ್ರೋಲು ಹೆಚ್ಚಾಗಿ, ಗಾಳಿ ಸಾಲದೆ, ಹೊಗೆ ಕಪ್ಪಾಗಿ ಎಳೆತ ಕುಗ್ಗುತ್ತದೆ. 2020ರ ಬಿಎಸ್-6 ನಿಯಮದೊಂದಿಗೆ ವ್ಯಾಪಕವಾದ ಇಂಧನ ಇಂಜೆಕ್ಷನ್, ಸೆನ್ಸರ್‌ನಿಂದ ಒತ್ತಡ ಅಳೆದು ಪೆಟ್ರೋಲನ್ನು ತಾನೇ ಕಡಿಮೆ ಮಾಡುತ್ತದೆ. ಬೆಟ್ಟದ ಸವಾರರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಇನ್ನು ಸ್ಕೂಟರಿನ ಎಡಬದಿಯ ಉದ್ದನೆಯ ಪೆಟ್ಟಿಗೆ ಗಮನಿಸಿ. ಒಳಗೆ ಎರಡು ಪುಲ್ಲಿ, ನಡುವೆ ಒಂದು ರಬ್ಬರ್ ಬೆಲ್ಟು. ವೇಗ ಏರಿದಂತೆ ಮುಂದಿನ ಪುಲ್ಲಿಯ ರೋಲರ್‌ಗಳು ಹೊರಕ್ಕೆ ಸರಿದು ಬೆಲ್ಟನ್ನು ಮೇಲೆತ್ತುತ್ತವೆ. ಏರಿನಲ್ಲಿ ಭಾರ ಬಿದ್ದಾಗ ಅದು ಮತ್ತೆ ಕೆಳಗಿಳಿದು ಎಳೆತ ಕೊಡುತ್ತದೆ. ಇಳಿಜಾರಿನಲ್ಲಿ ಮಾತ್ರ ಎಚ್ಚರ ಬೇಕು: ವೇಗ ತೀರಾ ತಗ್ಗಿದರೆ ಕ್ಲಚ್ ಬಿಟ್ಟುಕೊಂಡು ಎಂಜಿನ್ನಿನ ತಡೆ ಸಿಗುವುದಿಲ್ಲ, ಇಡೀ ಭಾರ ಬ್ರೇಕಿನ ಮೇಲೆ.

ಇಂಥ ಸ್ಕೂಟರ್‌ಗಳನ್ನು ತಯಾರಿಸುವ ಟಿವಿಎಸ್‌ನ ಕಾರ್ಖಾನೆಗಳು ನಮಗೆ ದೂರವಲ್ಲ: ಒಂದು ಘಟ್ಟದ ಕೆಳಗೆ ಮೈಸೂರಿನಲ್ಲಿ, ಇನ್ನೊಂದು ಕನ್ನಡ, ತೆಲುಗು, ತಮಿಳು ಮೂರೂ ಕೇಳಿಬರುವ ಗಡಿಯೂರು ಹೊಸೂರಿನಲ್ಲಿ. ದೇಶದ ಮೊದಲ ಇಬ್ಬರು ಕೂರುವ ಮೊಪೆಡ್ 'ಟಿವಿಎಸ್ 50' ಹೊಸೂರಿನಿಂದಲೇ 1980ರಲ್ಲಿ ಹೊರಬಂತು. ಜಪಾನಿನ ಸುಜುಕಿಯೊಂದಿಗೆ ಟಿವಿಎಸ್ ಹೊಂದಿದ್ದ ಸಹಯೋಗ 2001ರಲ್ಲಿ ಮುಗಿಯಿತು. ಮರುವರ್ಷ ಟಿವಿಎಸ್ ಕಂಪನಿಗೆ ಗುಣಮಟ್ಟಕ್ಕಾಗಿ ಜಪಾನಿನ ಡೆಮಿಂಗ್ ಪ್ರಶಸ್ತಿ ಬಂತು. 2013ರಲ್ಲಿ 110 ಸಿಸಿಯ ಜೂಪಿಟರ್, 2018ರಲ್ಲಿ 125 ಸಿಸಿಯ ಎನ್‌ಟಾರ್ಕ್ ಬಂದವು.