ಸಾಣೆ ಸೈಕಲ್ಲಿಗೆ ಸಂಗ್ರಹದಲ್ಲಿ ಜಾಗವಿದೆಯೇ?

ಹಳೆಯ ಸೈಕಲ್‌ಗಳನ್ನು ಕೂಡಿಡುವವರಲ್ಲಿ ಒಂದು ಶ್ರೇಣಿ ಇದೆ. ಇಂಗ್ಲೆಂಡಿನಲ್ಲಿ ತಯಾರಾದದ್ದು ಮೇಲೆ, ಇಲ್ಲಿ ತಯಾರಾದದ್ದು ಕೆಳಗೆ. ಬಿಡಿಭಾಗಗಳೆಲ್ಲ ಒಂದೇ ಕಂಪನಿಯವಾದರೆ ಬೆಲೆ ಹೆಚ್ಚು, ಬೆರಕೆಯಾದರೆ ಗುಜರಿಯ ದರ. ನನ್ನಲ್ಲಿ ಎರಡು ಸೈಕಲ್‌ಗಳಿವೆ. ಒಂದು ನಾಟಿಂಗ್‌ಹ್ಯಾಮಿನ ರ‍್ಯಾಲೆ, ಇನ್ನೊಂದು ಹರ್ಕ್ಯುಲಸ್ ಕಂಪನಿಯ ಲೇಡೀಸ್ ಸೈಕಲ್. ಈಗ ಚಾಕು ಕತ್ತರಿಗಳಿಗೆ ಸಾಣೆ ಹಿಡಿಯುವವರ ಸೈಕಲ್ ಒಂದು ಮಾರಾಟಕ್ಕಿದೆ. ಮೇಲಿನ ಶ್ರೇಣಿಯ ಪ್ರಕಾರ ಅದಕ್ಕೆ ಯಾವ ಸ್ಥಾನವೂ ಇಲ್ಲ. ತರಬೇಕೆ ಬೇಡವೆ ಎಂದು ತೀರ್ಮಾನಿಸುವ ಮೊದಲು ಈ ಶ್ರೇಣಿ ಎಲ್ಲಿಂದ ಬಂತು ಎಂದು ಸ್ವಲ್ಪ ಕೆದಕಬೇಕಾಯಿತು.

1817ರಲ್ಲಿ ಜರ್ಮನಿಯ ಮಾನ್‌ಹೈಮಿನಲ್ಲಿ ಕಾರ್ಲ್ ಫಾನ್ ಡ್ರೈಸ್ ಓಡಿಸಿದ ಮರದ ಗಾಡಿಗೆ ಪೆಡಲ್ ಇರಲಿಲ್ಲ. ಕಾಲಿನಿಂದ ನೆಲ ಒದೆಯುತ್ತಾ ಸಾಗಬೇಕಿತ್ತು. 1860ರ ದಶಕದಲ್ಲಿ ಪ್ಯಾರಿಸ್ಸಿನವರು ಮುಂದಿನ ಚಕ್ರಕ್ಕೆ ಪೆಡಲ್ ಕೂಡಿಸಿದರು. ಒಮ್ಮೆ ತುಳಿದರೆ ಚಕ್ರ ಒಂದೇ ಸುತ್ತು ಸುತ್ತುವುದರಿಂದ, ಹೆಚ್ಚು ದೂರ ಹೋಗಬೇಕೆಂದರೆ ಚಕ್ರವನ್ನೇ ದೊಡ್ಡದು ಮಾಡಬೇಕಾಯಿತು. ಹೀಗೆ ಅದು ಎದೆಮಟ್ಟಕ್ಕೆ ಬೆಳೆದು, ಹತ್ತುವುದೂ ಬೀಳುವುದೂ ಗಟ್ಟಿಗರ ಕೆಲಸವಾಯಿತು. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಚೈನಿನಿಂದ ಹಿಂದಿನ ಚಕ್ರ ತಿರುಗಿಸುವ ರೋವರ್ ಸೈಕಲ್ ತಂದರು. ಮೂರು ವರ್ಷಗಳ ನಂತರ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದರು. ಪಂಕ್ಚರ್ ಎಂಬುದೂ ಅದರ ಜೊತೆಗೇ ಹುಟ್ಟಿತೆನ್ನಿ.

ನಮ್ಮ ದೇಶಕ್ಕೆ ಸೈಕಲ್ ಮೊದಲು ಬಂದದ್ದು ಬಿಳಿಯ ಸಾಹೇಬರ ಷೋಕಿಯಾಗಿ. ಆಮೇಲೆ ಅದು ಗುಮಾಸ್ತರು, ಅಂಚೆಯವರು, ಪೊಲೀಸರ ಕೈಗೆ ಬಂತು. ನಾವೆಲ್ಲ ಕಂಡಿರುವ ಕಪ್ಪು ಸೈಕಲ್ಲಿನ ನಮೂನೆ ಇಂಗ್ಲೆಂಡಿನದೇ: ಇಪ್ಪತ್ತೆಂಟು ಇಂಚಿನ ಚಕ್ರ, ಕಬ್ಬಿಣದ ಕಡ್ಡಿಯ ಬ್ರೇಕು, ಚೈನು ಮುಚ್ಚುವ ತಗಡು, ನೇರ ಕೂರಿಸುವ ಸೀಟು. ಇಂಗ್ಲೆಂಡಿನವರು ಹಗುರ ಸೈಕಲ್‌ಗಳತ್ತ ಹೊರಳಿದ ಮೇಲೂ ಅದು ಇಲ್ಲಿ ಉಳಿಯಿತು. ಗುಂಡಿ ಬಿದ್ದ ದಾರಿಗೆ ದೊಡ್ಡ ಚಕ್ರ ಬೇಕಿತ್ತು, ಮೂಟೆಗೆ ಗಟ್ಟಿ ಕಬ್ಬಿಣ ಬೇಕಿತ್ತು.

ಸ್ವಾತಂತ್ರ್ಯದ ನಂತರ ಕಾರ್ಖಾನೆಗಳು ಇಲ್ಲಿಯೇ ಎದ್ದವು. 1949ರಲ್ಲಿ ಮದ್ರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, ಅದೇ ಸುಮಾರಿನಲ್ಲಿ ಅಸನ್‌ಸೋಲಿನ ಸೆನ್-ರ‍್ಯಾಲೆ, 1956ರಲ್ಲಿ ಲುಧಿಯಾನದ ಹೀರೊ. ಹೀರೊ ಎಂಬ ಹೆಸರಿನ ಹಿಂದೆ ಒಂದು ಸಂಗತಿ ಇದೆ. ಕಂಪನಿ ಕಟ್ಟಿದ ಮುಂಜಾಲ್ ಸಹೋದರರು ಇಂದಿನ ಪಾಕಿಸ್ತಾನದಲ್ಲಿರುವ ಕಮಾಲಿಯಾ ಊರಿನವರು, ಈ ಕಡೆಗೆ ಬಂದು ಸೈಕಲ್ ಬಿಡಿಭಾಗ ಮಾರುತ್ತಿದ್ದವರು. ಅವರ ಪರಿಚಯದ ಕರೀಂ ದೀನ್ ಎಂಬವರು ಸೈಕಲ್ ಸೀಟು ತಯಾರಿಸಿ ಹೀರೊ ಎಂಬ ಹೆಸರಿನಲ್ಲಿ ಮಾರುತ್ತಿದ್ದರು. 1947ರಲ್ಲಿ ಕರೀಂ ದೀನ್ ಆ ಕಡೆಗೆ ಹೊರಟಾಗ, ಈ ಹೆಸರನ್ನು ನಾವು ಇಟ್ಟುಕೊಳ್ಳಬಹುದೇ ಎಂದು ಮುಂಜಾಲರು ಕೇಳಿದರು. ಅವರು ಒಪ್ಪಿದರು. ಮುಂಜಾಲ್ ಕುಟುಂಬದವರೇ ಹೇಳಿಕೊಂಡು ಬಂದಿರುವ ವಿಷಯವಿದು. ಆ ವರ್ಷ ಪಂಜಾಬಿನಲ್ಲಿ ಮನುಷ್ಯರು ಪರಸ್ಪರರಿಂದ ಏನೇನನ್ನೆಲ್ಲ ಕಿತ್ತುಕೊಂಡರೆಂಬುದನ್ನು ನಾವು ಬಹಳ ಓದಿದ್ದೇವೆ. ಒಬ್ಬರು ಕೇಳಿ, ಇನ್ನೊಬ್ಬರು ಕೊಟ್ಟ ವಸ್ತುವೂ ಒಂದಿತ್ತು. 1986ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಸೈಕಲ್ ತಯಾರಿಸುವ ಕಂಪನಿಯೆಂದು ಹೀರೊ ಗಿನ್ನೆಸ್ ದಾಖಲೆಗೆ ಸೇರಿತು. ಅಟ್ಲಾಸಿನ ಕಥೆ ಬೇರೆ. ಅದರ ಸಾಹಿಬಾಬಾದ್ ಕಾರ್ಖಾನೆ ಮುಚ್ಚಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ.

ಕಂಪನಿಯವರು ಸೈಕಲ್ಲಿಗೆ ಮಾಡಿದ ಜಾತಿಗಳು ಹೆಚ್ಚಿಲ್ಲ. ಜೆಂಟ್ಸ್, ಲೇಡೀಸ್, ಮಕ್ಕಳದು, ಅಷ್ಟೆ. ತುಳಿಯುವವರು ಈ ವಿಂಗಡಣೆಗೆ ಸೊಪ್ಪು ಹಾಕಲಿಲ್ಲ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಅರಿವೊಳಿ ಸಾಕ್ಷರತಾ ಆಂದೋಲನ ಹೆಂಗಸರಿಗೆ ಅಕ್ಷರದ ಜೊತೆ ಸೈಕಲ್ಲನ್ನೂ ಕಲಿಸಿತು. ಲಕ್ಷಾಂತರ ಮಂದಿಯನ್ನು ಮುಟ್ಟಿದ ಆ ಚಳವಳಿಯಲ್ಲಿ ಮುಸ್ಲಿಂ ಯುವತಿಯರೂ ಇದ್ದರೆಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಅವರ ಬರಹದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ವಿವರ ಬೇರೆಯೇ ಇದೆ. ಅಂಗಡಿಗಳಲ್ಲಿ ಲೇಡೀಸ್ ಸೈಕಲ್ ಮುಗಿದುಹೋದಾಗ ಹೆಂಗಸರು ಜೆಂಟ್ಸ್ ಸೈಕಲ್ ಕೊಂಡರು. ಕೆಲವರಂತೂ ಅದನ್ನೇ ಬೇಕೆಂದು ಆರಿಸಿಕೊಂಡರು. ಸೀಟಿನಿಂದ ಹ್ಯಾಂಡಲ್ಲಿನವರೆಗಿನ ಅಡ್ಡ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದಲ್ಲ! ಉಡುಪಿಗೆ ತೊಡಕೆಂದು ಇಂಗ್ಲೆಂಡಿನವರು ತೆಗೆದುಹಾಕಿದ ಬಾರನ್ನು ಪುದುಕ್ಕೋಟ್ಟೈಯ ತಾಯಂದಿರು ಕೇಳಿ ಪಡೆದರು. ಇದನ್ನು ಓದಿದ ಮೇಲೆ ನನ್ನ ಲೇಡೀಸ್ ಸೈಕಲ್ ಹೆಂಗಸರ ಚರಿತ್ರೆಯನ್ನು ಪೂರ್ತಿ ಹೇಳುತ್ತದೆಂಬ ಜಂಬ ಇಳಿಯಿತು.

ಇನ್ನು ಹೊರೆ ಹೊರುವ ಸೈಕಲ್. 1954ರಲ್ಲಿ ವಿಯೆಟ್ನಾಮಿನವರು ದಿಯೆನ್ ಬಿಯೆನ್ ಫು ಯುದ್ಧಕ್ಕೆ ಅಕ್ಕಿ, ಮದ್ದುಗುಂಡು ಸಾಗಿಸಿದ್ದು ಸಾವಿರಾರು ಸೈಕಲ್‌ಗಳಲ್ಲಿ. ಹ್ಯಾಂಡಲ್ಲಿಗೊಂದು ಬಿದಿರು, ಸೀಟಿನ ಹಿಂದೊಂದು ಬಿದಿರು ಕಟ್ಟಿ, ಹತ್ತದೆ ಪಕ್ಕದಲ್ಲಿ ನಡೆಯುತ್ತಾ ತಳ್ಳಿದರೆ ಇನ್ನೂರು ಕಿಲೊ ಮೀರಿದ ಭಾರವೂ ಸಾಗುತ್ತದೆ. ಆ ಸೈಕಲ್‌ಗಳು ಈಗ ಅಲ್ಲಿನ ಮ್ಯೂಸಿಯಂಗಳಲ್ಲಿ ಗೌರವದಿಂದ ನಿಂತಿವೆ. ಜಾರ್ಖಂಡಿನಲ್ಲಿ ಕಲ್ಲಿದ್ದಲು ಮಾರುವವರೂ ಸುಮಾರು ಅಷ್ಟೇ ತೂಕವನ್ನು ಹೀಗೆಯೇ ಘಾಟಿಗಳಲ್ಲಿ ತಳ್ಳಿಕೊಂಡು ಹೋಗುವವರು. ಅವರ ಸೈಕಲ್ಲಿಗೆ ಮ್ಯೂಸಿಯಂ ಇಲ್ಲ. ಯುದ್ಧ ಗೆದ್ದ ಸೈಕಲ್ ಚರಿತ್ರೆಯಾಗುತ್ತದೆ, ಹೊಟ್ಟೆ ಹೊರೆದದ್ದು ಗುಜರಿಗೆ ಹೋಗುತ್ತದೆ.

ನಮ್ಮ ಕರಾವಳಿಯಲ್ಲಿ ಮೀನಿನ ಪೆಟ್ಟಿಗೆ ಕಟ್ಟಿ, ರಬ್ಬರ್ ಹಾರ್ನ್ ಒತ್ತುತ್ತಾ ಬರುತ್ತಿದ್ದ ಬ್ಯಾರಿಗಳ ಸೈಕಲ್, ಬಯಲುಸೀಮೆಯಲ್ಲಿ ಐಸ್‌ಕ್ಯಾಂಡಿ ಡಬ್ಬ ಹೊತ್ತದ್ದು, ಸೀರೆಗಂಟು ಹೊತ್ತದ್ದು, ಹಾಲಿನ ಕ್ಯಾನು ತೂಗುಹಾಕಿದ್ದು, ಇವನ್ನು ಯಾವ ಕಂಪನಿಯೂ ಮಾಡಲಿಲ್ಲ. ಕಂಪನಿ ಕೊಟ್ಟ ಕಬ್ಬಿಣವನ್ನು ಮೊಹಲ್ಲಾದ ಸೈಕಲ್ ಶಾಪಿನವನೂ ವೆಲ್ಡಿಂಗಿನವನೂ ಸೇರಿ ಇನ್ನೊಂದು ಮಾಡಿದರು. ಬಹಳ ಊರುಗಳಲ್ಲಿ ಆ ಸೈಕಲ್ ಶಾಪ್ ನಮ್ಮವರದೇ. ಗಂಟೆಗಿಷ್ಟೆಂದು ಬಾಡಿಗೆ ಕೊಟ್ಟವರೂ ಅವರೇ. ಸೀಟು ಎಟುಕದ ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ ಕೈಂಚಿ ಹೊಡೆದು ಕಲಿತದ್ದು ಅವರ ಅಂಗಡಿಯ ಸೈಕಲ್‌ಗಳಲ್ಲಿ, ಜಾತಿ ಯಾವುದೇ ಇರಲಿ. ಈಚೆಗೆ ‘ಪಂಕ್ಚರ್ ಹಾಕುವವರು’ ಎಂಬುದು ಸಭೆಗಳಲ್ಲಿ ಬೈಗುಳವಾಗಿದೆ. 2019ರ ಕೊನೆಯಲ್ಲಿ ಬೆಂಗಳೂರಿನಲ್ಲೇ ಅದನ್ನು ಕೇಳಿದೆವು. ಬೈದವರಿಗೆ ಉತ್ತರವಾಗಿ ನಮ್ಮ ಕೆಲವರು, ನಮ್ಮಲ್ಲಿ ಡಾಕ್ಟರಿದ್ದಾರೆ, ಇಂಜಿನಿಯರಿದ್ದಾರೆ ಎಂದು ಪಟ್ಟಿ ಕೊಟ್ಟರು. ನನಗೆ ಅದು ಸರಿ ಕಾಣಲಿಲ್ಲ. ಪಂಕ್ಚರ್ ಹಾಕುವವನನ್ನು ಬಿಟ್ಟುಕೊಟ್ಟು ಗಳಿಸುವ ಮರ್ಯಾದೆ ಎಂಥದು?

ಈಗ ಸಾಣೆ ಸೈಕಲ್ಲಿಗೆ ಬರೋಣ. ಬಾಡಿ ಅಟ್ಲಾಸಿನದು, ಫೋರ್ಕ್ ಹೀರೊದು, ಸೀಟು ಯಾವುದೋ. ಹಿಂದಿನ ಚಕ್ರದ ಪಕ್ಕಕ್ಕೆ ಟೈರಿಲ್ಲದ ಇನ್ನೊಂದು ರಿಮ್ಮು ಬಿಗಿದಿದೆ. ಅದರಿಂದ ಹೊರಟ ಬೆಲ್ಟು ಬಾರಿನ ಮೇಲೆ ಕೂರಿಸಿದ ಸಾಣೆಕಲ್ಲನ್ನು ತಿರುಗಿಸುತ್ತದೆ. ಅಗಲವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ತುಳಿದರೆ ಚಕ್ರ ನೆಲ ಮುಟ್ಟದೆ ತಿರುಗುತ್ತದೆ, ಚಾಕುವಿನಿಂದ ಕಿಡಿ ಹಾರುತ್ತದೆ. ಬೀದಿಗೆ ಬರಲು ಸೈಕಲ್, ಬೀದಿಯಲ್ಲಿ ನಿಂತ ಮೇಲೆ ಕಾರ್ಖಾನೆ. ಮಾರುತ್ತಿರುವ ಚಾಚಾ ಅದನ್ನು ಮೂವತ್ತು ವರ್ಷ ತುಳಿದಿದ್ದಾರೆ. ಅವರಿಗೀಗ ಮಂಡಿನೋವು, ಹಳೆಯ ಮೊಪೆಡ್ ಒಂದನ್ನು ಕೊಂಡಿದ್ದಾರೆ.

ತರಬೇಡ ಎಂದ ಗೆಳೆಯರೊಬ್ಬರ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಬಡವನ ಕಷ್ಟವನ್ನು ಪಡಸಾಲೆಯಲ್ಲಿ ನಿಲ್ಲಿಸಿ ನೋಡುವುದು ಯಾವ ಚೆಂದ ಎಂದರು ಅವರು. ಬಣ್ಣ ಹೊಡೆಸಿ, ನಿಕ್ಕಲ್ ಮಾಡಿಸಿ, ಬಲ್ಬಿನ ಬೆಳಕಿನಲ್ಲಿ ಇಟ್ಟರೆ ಖಂಡಿತ ಅವರ ಮಾತು ನಿಜವಾಗುತ್ತದೆ. ಹಾಗೆಂದು ಬಿಟ್ಟರೆ ಅದು ಕಿಲೊ ಲೆಕ್ಕದಲ್ಲಿ ತೂಕಕ್ಕೆ ಹೋಗುತ್ತದೆ. ಆಮೇಲೆ ನನ್ನ ಮನೆಯಲ್ಲಿ ಉಳಿಯುವುದು ಸಾಹೇಬರ ರ‍್ಯಾಲೆಯೂ ಕಂಪನಿಯವರು ಹೆಂಗಸರಿಗೆಂದು ಗೊತ್ತುಮಾಡಿದ ಸೈಕಲ್ಲೂ ಮಾತ್ರ. ಇಲ್ಲಿನವರು ಸೈಕಲ್ಲಿಗೆ ಏನು ಮಾಡಿದರು ಎಂಬುದಕ್ಕೆ ಒಂದು ಸಾಕ್ಷಿಯೂ ಇರುವುದಿಲ್ಲ. ತರುವುದೆಂದೇ ನಿಶ್ಚಯಿಸಿದೆ. ಬಣ್ಣ ಬೇಡ. ವೆಲ್ಡಿಂಗಿನ ಗಂಟುಗಳನ್ನು ಉಜ್ಜುವುದು ಬೇಡ. ಬೆರಕೆ ಭಾಗಗಳನ್ನು ಬದಲಿಸುವುದೂ ಬೇಡ. ಯಾವ ಬೀದಿಗೆ ಯಾವ ವಾರ ಹೋಗುತ್ತಿದ್ದರು, ಬಕ್ರೀದಿನ ಮುಂಚಿನ ದಿನಗಳಲ್ಲಿ ಎಷ್ಟು ಛುರಿ ಬರುತ್ತಿದ್ದವು, ಕ್ಷೌರದಂಗಡಿಯ ಕತ್ತರಿಗೆ ಎಷ್ಟು ತೆಗೆದುಕೊಳ್ಳುತ್ತಿದ್ದರು ಎಂಬುದನ್ನು ಚಾಚಾ ಹೇಳಿದಂತೆ ಬರೆದು ಸೈಕಲ್ಲಿನ ಜೊತೆಗಿಡಬೇಕು.

ಅವರು ಕೇಳಿದ ಬೆಲೆಗೆ ನಾನು ಚೌಕಾಸಿ ಮಾಡಲಿಲ್ಲ. ಆದರೆ ಅವರದೊಂದು ಕರಾರು ಇತ್ತು.

“ಸೈಕಲ್ ತಗೊಂಡು ಹೋಗು ಬೇಟಾ. ಕಲ್ಲು ಕೊಡೋದಿಲ್ಲ. ಅದನ್ನ ಮೊಪೆಡ್ಡಿಗೆ ಕೂರಿಸಬೇಕು.”

ಕಲ್ಲಿಲ್ಲದ ಸಾಣೆ ಸೈಕಲ್ ಅಪೂರ್ಣವೆಂದು ಸಂಗ್ರಹಕಾರರು ಹೇಳುತ್ತಾರೆ, ಹೇಳಲಿ. ಭಾನುವಾರ ಟೆಂಪೋದವನಿಗೆ ಬರಹೇಳಿದ್ದೇನೆ.