ಬಸ್ಸಿಗೊಂದು ಹಾದಿ

ಬೆಳಗಿನ ಹೊತ್ತು ಕಚೇರಿಗೆ ಹೊರಟ ನೀವು ಕಿಕ್ಕಿರಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರುತ್ತೀರಿ. ಬಸ್ಸು, ಒಬ್ಬೊಬ್ಬರನ್ನೇ ಹೊತ್ತ ಕಾರುಗಳ ಸಾಲಿನ ಹಿಂದೆ ನಿಂತಿರುತ್ತದೆ. ಬೀದಿಯು ಯಾರ ಸೊತ್ತು? ವಾಹನಗಳದೋ, ಜನರದೋ? ಈ ಪ್ರಶ್ನೆಗೆ ಬ್ರೆಜಿಲ್ ದೇಶದ ಕುರಿಟಿಬಾ ನಗರವು ಕೊಟ್ಟ ಉತ್ತರ ಕೇಳತಕ್ಕದ್ದು.

1971ರಲ್ಲಿ ಜೈಮೆ ಲೆರ್ನರ್ ಎಂಬ ವಾಸ್ತುಶಿಲ್ಪಿ ಅಲ್ಲಿನ ಪುರಾಧ್ಯಕ್ಷರಾದರು. ಊರು ಬೆಳೆಯುತ್ತಿತ್ತು, ನೆಲದಡಿಯ ರೈಲು ಬಲು ದುಬಾರಿ. ಆದುದರಿಂದ 1974ರಲ್ಲಿ ಮುಖ್ಯ ಬೀದಿಗಳ ನಡುಭಾಗವನ್ನು ಬಸ್ಸಿಗೇ ಮೀಸಲಿಟ್ಟರು. ಎತ್ತರದ ಕಟ್ಟಡಗಳಿಗೂ ಆ ಬೀದಿಗಳ ಪಕ್ಕದಲ್ಲೇ ಎಡೆಗೊಟ್ಟರು. ಹೀಗೆ ಮನೆ, ಕಚೇರಿಗಳೇ ಬಸ್ಸಿನ ಬಳಿಗೆ ಬಂದವು.

ಹಾದಿ ತೆರವಾದರೂ ಹತ್ತುವ ತಡ ಉಳಿದಿತ್ತು. ಮೆಟ್ಟಿಲು, ಟಿಕೆಟ್ಟು, ಚಿಲ್ಲರೆಯ ತಕರಾರು ನಿಮಗೆ ತಿಳಿಯದ್ದೇನಲ್ಲ. 1991ರಲ್ಲಿ ಕೊಳವೆಯಾಕಾರದ ಗಾಜಿನ ನಿಲ್ದಾಣಗಳು ಬಂದವು. ಒಳಹೊಗುವಾಗಲೇ ಹಣ ತೆರಬೇಕು; ನಿಲ್ದಾಣದ ನೆಲ ಬಸ್ಸಿನ ನೆಲಕ್ಕೆ ಸಮ. ಬಾಗಿಲು ತೆರೆದೊಡನೆ ಮುದುಕರೂ ಮಕ್ಕಳೂ ನಡೆದೇ ಒಳಸೇರುವರು.

2000ದಲ್ಲಿ ಕೊಲಂಬಿಯಾದ ಬೊಗೋಟಾ ನಗರವು ಇದೇ ಜಾಡು ಹಿಡಿಯಿತು. 2018ರಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡದ ನಡುವೆ ಓಡತೊಡಗಿದ ‘ಚಿಗರಿ’ ಬಸ್ಸೂ ಇದೇ ಮನೆತನದ್ದು.

ಇದರಿಂದ ಎಲ್ಲವೂ ಬಗೆಹರಿಯಿತೆನ್ನಲಾಗದು. ಕುರಿಟಿಬಾದಲ್ಲಿ ಕಾರುಗಳು ಹೆಚ್ಚುತ್ತಲೇ ಹೋದವು. ಕಾಲಾಂತರದಲ್ಲಿ ಬಸ್ಸಿನ ಪ್ರಯಾಣಿಕರೂ ಕಡಿಮೆಯಾದರು. ಒಮ್ಮೆ ಹಾದಿ ಬಿಟ್ಟರೆ ಸಾಲದು. ಬಸ್ಸನ್ನು ದಿನವೂ ಕಾಪಾಡಿಕೊಳ್ಳಬೇಕು.

ನಾಳೆ ನಿಮ್ಮ ಬಸ್ಸು ತಡವಾದಾಗ ಚಾಲಕನನ್ನು ಬೈಯುವ ಮುನ್ನ, ಅದರ ಮುಂದೆ ಏನು ಅಡ್ಡ ನಿಂತಿದೆಯೆಂದು ಒಮ್ಮೆ ಇಣಿಕಿ ನೋಡಿ.